ಟ್ರಂಕಿನಲ್ಲಿ ಬೈಬಲ್ಲು, ಚರ್ಚಿನಲ್ಲಿ ಜಾತಿ



ಜಯನಗರದ ಕಡೆಯ ಒಂದು ಹಾಸ್ಟೆಲಿನಲ್ಲಿ ಹೋದ ತಿಂಗಳು ಒಂದು ಜಗಳ ಆಯಿತು. ಯಾವ ಹಾಸ್ಟೆಲು, ಹುಡುಗ ಯಾರು ಅಂತ ಕೇಳಬೇಡಿ. ಹೇಳಿದರೆ ಅವನ ಸೀಟು ಹೋಗುತ್ತದೆ.

ಹುಡುಗ ಕೋಲಾರದ ಕಡೆಯವನು. ಬಿ.ಎಸ್ಸಿ. ಎರಡನೇ ವರ್ಷ. ಸರ್ಟಿಫಿಕೇಟಿನಲ್ಲಿ ಆದಿ ಕರ್ನಾಟಕ, ಹಿಂದೂ. ಭಾನುವಾರ ತಿಂಡಿ ಆದ ಮೇಲೆ 'ಚಿಕ್ಕಪ್ಪನ ಮನೆಗೆ ಹೋಗಿ ಬರ್ತೀನಿ' ಅಂತ ಹೊರಡುತ್ತಿದ್ದ. ಹೋಗುತ್ತಿದ್ದದ್ದು ಬನಶಂಕರಿಯ ಒಂದು ಅಂಗಡಿ ಮಹಡಿಯ ಮೇಲೆ ನಡೆಯುವ ಸಣ್ಣ ಪ್ರಾರ್ಥನಾ ಸಭೆಗೆ. ಯಾವನೋ ಪುಣ್ಯಾತ್ಮ ಅವನು ಕಣ್ಣು ಮುಚ್ಚಿ ಕೈ ಎತ್ತಿದ್ದಾಗ ಫೋಟೋ ಹೊಡೆದು ಹಾಸ್ಟೆಲಿನ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ಒಂದು ಸಾಲು: 'ನಮ್ಮ ಸೀಟು ನುಂಗುತ್ತಿರುವ ಫಾದರ್.'

ರಾತ್ರಿ ಹತ್ತು ಗಂಟೆಗೆ ಹುಡುಗರು ಅವನ ಟ್ರಂಕಿನ ಬೀಗ ಒಡೆದರು. ಬಟ್ಟೆಗಳ ಅಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಬೈಬಲ್ಲು. ಅದರ ಮಗ್ಗುಲಲ್ಲೇ ಬಾಬಾಸಾಹೇಬರ ಫೋಟೋ. ಎರಡನ್ನೂ ಮಂಚದ ಮೇಲಿಟ್ಟು 'ಎರಡರಲ್ಲಿ ಒಂದು ತಗೋ' ಅಂದರು. ಹುಡುಗ ತಗೊಳ್ಳಲಿಲ್ಲ. 'ಹಾಗಾದ್ರೆ ನಾಳೆ ವಾರ್ಡನ್ನಿಗೆ ಹೇಳ್ತೀವಿ, ತಹಸೀಲ್ದಾರರಿಗೂ ಬರೀತೀವಿ' ಅಂದರು. ಇಷ್ಟು ಆದ ಮೇಲೆ ಅವರಲ್ಲೇ ಒಬ್ಬನಿಗೆ ಹೆದರಿಕೆಯಾಗಿ ನನಗೆ ಫೋನು ಮಾಡಿದ. ಹಳೇ ಹಾಸ್ಟೆಲು ಹುಡುಗ, ಸಂಘಟನೆಯಲ್ಲಿ ಓಡಾಡಿದವನು, ಬಿ.ಟಿ.ಎಂ. ಪಕ್ಕದಲ್ಲೇ ಇದಾನೆ, ಬಂದು ಪಂಚಾಯ್ತಿ ಮಾಡಲಿ ಅಂತ.

ಪಂಚಾಯ್ತಿಗೆ ಹೋದವನು ನಾನೇ ಕಟಕಟೆಯಲ್ಲಿ ನಿಂತೆ. ನಾನೂ ಅಂಥ ಮನೆಯವನೇ. ನಮ್ಮ ತಾತ ಜೀತಕ್ಕಿದ್ದವನು. ಕಾಲಿಗೆ ಗಾಯವಾಗಿ ಕೊಳೆತಾಗ ಮಿಷನ್ ಆಸ್ಪತ್ರೆಯ ನರ್ಸಮ್ಮ ಒಬ್ಬಳು ಕೈಯಿಂದ ಮುಟ್ಟಿ ತೊಳೆದಳಂತೆ. 'ದೊಡ್ಡೋರ ಕೈ ನನ್ನ ಮೈ ಮುಟ್ಟಿದ್ದು ಅದೇ ಮೊದಲು' ಅಂತ ಸಾಯುವ ತನಕ ಹೇಳುತ್ತಿದ್ದ. ನಮ್ಮ ಮನೆಗೆ ಯೇಸು ಬಂದದ್ದು ಆ ಕೈಯ ಹಿಂದೆ. ಅಕ್ಕಿ ಮೂಟೆ ಕೊಟ್ಟರು, ದುಡ್ಡು ಕೊಟ್ಟರು ಅಂತ ಟಿ.ವಿ.ಯಲ್ಲಿ ಕಿರುಚುವವರಿಗೆ ಆ ಕೈಯ ಬೆಲೆ ಗೊತ್ತಿಲ್ಲ. ಅವರ ತಾತಂದಿರ ಮೈಯನ್ನು ಮುಟ್ಟಲು ಯಾರೂ ಹೇಸಿರಲಿಲ್ಲವಲ್ಲ! ನಮ್ಮಪ್ಪನಿಗೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಚರ್ಚಿನ ರಿಜಿಸ್ಟರಿನಲ್ಲಿ ಇನ್ನೊಂದು. ಈ ಲೇಖನದ ಕೆಳಗೆ ನನ್ನ ಎರಡು ಹೆಸರುಗಳಲ್ಲಿ ಯಾವುದೂ ಇಲ್ಲ. ಕಾರಣ ನಿಮಗೇ ತಿಳಿಯುತ್ತದೆ.

ಮೊದಲು ಸರ್ಕಾರದ ಕಥೆ ಕೇಳಿ. 1950ರ ಆಗಸ್ಟ್ 10ರಂದು ಪರಿಶಿಷ್ಟ ಜಾತಿಗಳ ಪಟ್ಟಿಯ ಬಗ್ಗೆ ರಾಷ್ಟ್ರಪತಿಗಳ ಆದೇಶ ಹೊರಟಿತು. ಅದರ ಮೂರನೆಯ ಕಲಮಿನಲ್ಲಿ, ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಹಿಡಿದವನು ಪರಿಶಿಷ್ಟನಲ್ಲ ಅಂತ ಬರೆದರು. 1956ರಲ್ಲಿ ಸಿಖ್ಖರಿಗೆ ಬಾಗಿಲು ತೆರೆಯಿತು. 1990ರಲ್ಲಿ ಬೌದ್ಧರಿಗೆ ತೆರೆಯಿತು. ಎರಡೂ ನ್ಯಾಯವಾದದ್ದೇ. ಕ್ರೈಸ್ತ ದಲಿತನಿಗೆ, ಮುಸ್ಲಿಂ ದಲಿತನಿಗೆ ಮಾತ್ರ ಮುಚ್ಚಿದ ಬಾಗಿಲು ಮುಚ್ಚಿದಂತೆಯೇ ಇದೆ. ಧರ್ಮಕ್ಕೂ ಪರಿಶಿಷ್ಟ ಸ್ಥಾನಕ್ಕೂ ಗಂಟು ಹಾಕಬೇಡಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಿಸಿದರು. ಆಯೋಗದ ಮೇಲೆ ಆಯೋಗ, ಅನ್ನದ ಮೇಲೆ ಮುಚ್ಚಳ.

ಮದರಾಸಿನ ರಸ್ತೆ ಬದಿಯಲ್ಲಿ ಸೂಸೈ ಅಂತ ಒಬ್ಬ ಚಮ್ಮಾರನಿದ್ದ. ಆದಿ ದ್ರಾವಿಡ, ಕ್ರೈಸ್ತ. ಬಿಸಿಲಿನಲ್ಲಿ ಕೂತು ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಡುವ ಯೋಜನೆ ಮಾಡಿತು. ಹಿಂದೂ ಚಮ್ಮಾರರಿಗೆ ಸಿಕ್ಕಿತು, ಸೂಸೈಗೆ ಸಿಗಲಿಲ್ಲ. ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. 1985ರಲ್ಲಿ ಕೋರ್ಟು ಏನು ಹೇಳಿತು ಗೊತ್ತೇ? ಮತಾಂತರವಾದ ಮೇಲೂ ಜಾತಿ ಉಳಿದಿದೆ ಅಂತ ತೋರಿಸಿದರೆ ಸಾಲದು, ಹೊಸ ಧರ್ಮದಲ್ಲೂ ಅದರ ಪೆಟ್ಟು ಅಷ್ಟೇ ಜೋರಾಗಿದೆ ಅಂತ ರುಜುವಾತು ಬೇಕು ಅಂದಿತು. ಅದೇ ಉಳಿ, ಅದೇ ಚರ್ಮ, ಅದೇ ಬಿಸಿಲು! ಇದಕ್ಕಿಂತ ಬೇರೆ ಯಾವ ರುಜುವಾತನ್ನು ಅವನು ಎಲ್ಲಿಂದ ತರಬೇಕಿತ್ತು?

ಅದರ ಹಿಂದಿನ ವರ್ಷ, 1984ರ ಇನ್ನೊಂದು ತೀರ್ಪಿನಲ್ಲಿ ಕೋರ್ಟು ಗ್ರಹಣದ ಮಾತಾಡಿತು. ಮತಾಂತರವಾದಾಗ ಜಾತಿಗೆ ಗ್ರಹಣ ಹಿಡಿಯುತ್ತದಂತೆ. ಹಿಂದೂ ಧರ್ಮಕ್ಕೆ ವಾಪಸ್ಸು ಬಂದರೆ ಗ್ರಹಣ ಬಿಡುತ್ತದಂತೆ. ಆಹಾ! ಗ್ರಹಣ ಹಿಡಿದಿದ್ದಾಗ ಊರ ಬಾವಿಯಿಂದ ನೀರು ಸೇದಲು ನಮ್ಮನ್ನು ಬಿಟ್ಟರೇ? ಗೌಡರ ಜಗಲಿ ಮೇಲೆ ಕೂರಿಸಿದರೇ? ಕಾಗದದ ಮೇಲೆ ಹಿಡಿದ ಗ್ರಹಣ ಊರಿನ ಕಣ್ಣಿಗೆ ಕಾಣಲೇ ಇಲ್ಲ.

ಇನ್ನು 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಚರ್ಚಿಗೆ ಹೋಗುತ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು. ಟ್ರಂಕು ಒಡೆದ ಹುಡುಗರು ಈ ತೀರ್ಪನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ಕೂತಿದ್ದರು. 'ನೋಡಣ್ಣಾ, ಕೋರ್ಟೇ ಮೋಸ ಅಂದಿದೆ.' ಸುಳ್ಳು ಹೇಳುವುದು ತಪ್ಪು, ಒಪ್ಪಿದೆ. ಆದರೆ ಸುಳ್ಳು ಹೇಳದಿದ್ದರೆ ಅನ್ನವಿಲ್ಲ ಅನ್ನುವ ಕಾನೂನು ಮಾಡಿದವನನ್ನು ಏನಂತ ಕರೆಯೋಣ? ಕರ್ನಾಟಕದಲ್ಲಿ ಮತಾಂತರಗೊಂಡ ಪರಿಶಿಷ್ಟರಿಗೆ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ, ನಿಜ. ಆ ಮೂಲೆಯಲ್ಲಿ ಅಟ್ರಾಸಿಟಿ ಕಾಯಿದೆಯ ರಕ್ಷಣೆ ಇಲ್ಲ. 2025ರಲ್ಲಿ ಆಂಧ್ರದ ಹೈಕೋರ್ಟು ಅದನ್ನೂ ಬಾಯಿಬಿಟ್ಟು ಹೇಳಿತು. ಹೊಡೆಯುವವನು ಜಾತಿ ನೋಡಿ ಹೊಡೆಯುತ್ತಾನೆ, ಪೊಲೀಸಿನವನು ಧರ್ಮ ನೋಡಿ ಕೇಸು ಬರೆಯುತ್ತಾನೆ.

ನಮ್ಮ ರಾಜ್ಯದ 2022ರ ಮತಾಂತರ ಕಾಯಿದೆ ನೋಡಿ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಶಿಕ್ಷೆ. ಮತಾಂತರವಾದವರು ಅಪ್ರಾಪ್ತರು, ಹೆಂಗಸರು, ಪರಿಶಿಷ್ಟರು ಆದರೆ ಹತ್ತು ವರ್ಷದವರೆಗೆ. ಅಂದರೆ ಎಂ.ಎ. ಓದಿದ ದಲಿತನೂ ಬುದ್ಧಿ ಬಲಿಯದ ಮಗು! ಯಾರೋ ಮಿಠಾಯಿ ತೋರಿಸಿದರೆ ಹಿಂದೆ ಹೋಗಿಬಿಡುವವನು! 1935ರಲ್ಲಿ ಯೇವಲೆಯಲ್ಲಿ 'ನಾನು ಹಿಂದೂವಾಗಿ ಸಾಯುವುದಿಲ್ಲ' ಅಂತ ಸಾರಿ, 21 ವರ್ಷ ಓದಿ ಯೋಚಿಸಿ 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧರ್ಮ ಬದಲಿಸಿದ ಬಾಬಾಸಾಹೇಬರು ಇವತ್ತು ಇದ್ದಿದ್ದರೆ, ಮೂವತ್ತು ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಫಾರಂ ತುಂಬಿ ಕೊಡಬೇಕಿತ್ತು. 2023ರ ಜೂನಿನಲ್ಲಿ ಸಚಿವ ಸಂಪುಟ ಈ ಕಾಯಿದೆ ರದ್ದು ಮಾಡುವ ತೀರ್ಮಾನ ಮಾಡಿತು. ಹಾಸ್ಟೆಲಿನ ಹುಡುಗರಲ್ಲಿ ಒಬ್ಬನಿಗೂ ಆ ಕಾಯಿದೆಯೊಳಗೆ ತನ್ನನ್ನು ಏನಂತ ಬರೆದಿದ್ದಾರೆ ಅನ್ನುವುದು ಗೊತ್ತಿರಲಿಲ್ಲ.

ಸರ್ಕಾರವನ್ನು ಬೈಯುವುದು ಸುಲಭ. ಚರ್ಚಿನ ದೊಡ್ಡವರು ಇಷ್ಟರವರೆಗೆ ಓದಿ ತಲೆಯಾಡಿಸುತ್ತಿರಬಹುದು. ಇನ್ನು ಮುಂದಿನದು ಅವರಿಗೆ.

ಅಯ್ಯನವರೇ, ಫಾದರುಗಳೇ, ಕಮಿಟಿಯ ಹಿರಿಯರೇ, ನೀವು ದಿಲ್ಲಿಯ ಮುಂದೆ ನಿಂತು 'ನಮ್ಮಲ್ಲೂ ಜಾತಿಯ ಪೆಟ್ಟಿದೆ, ದಲಿತ ಕ್ರೈಸ್ತರಿಗೆ ಮೀಸಲಾತಿ ಕೊಡಿ' ಅನ್ನುತ್ತೀರಿ. ಭಾನುವಾರ ಪೀಠದ ಮೇಲೆ ನಿಂತು 'ಕ್ರಿಸ್ತನಲ್ಲಿ ಜಾತಿಯಿಲ್ಲ' ಅನ್ನುತ್ತೀರಿ. ಎರಡರಲ್ಲಿ ಯಾವುದು ನಿಜ? ನಿಮ್ಮ ಮದುವೆ ಜಾಹೀರಾತು ನೋಡಿದರೆ ಸಾಕು. ವರನ ಧರ್ಮ ಕ್ರೈಸ್ತ, ಅದರ ಮುಂದೆ ಒಂದು ಜಾತಿ, ಅದರ ಮುಂದೆ ಒಳಜಾತಿ. ಶಿಲುಬೆಯ ಗುರುತು ಹಾಕಿದ ಲಗ್ನಪತ್ರಿಕೆಯ ಹಿಂದೆ ಮನುವಿನ ಮೊಹರು.

2008ರ ಮಾರ್ಚಿನಲ್ಲಿ ತಮಿಳುನಾಡಿನ ಎರಯೂರಿನಲ್ಲಿ ದಲಿತ ಕ್ಯಾಥೊಲಿಕರು ತಮಗೊಂದು ಬೇರೆ ಚರ್ಚು ಕೇಳಿದರು, ಇದ್ದ ಚರ್ಚಿನಲ್ಲಿ ಮಾನ ಸಿಗಲಿಲ್ಲವಾದ್ದರಿಂದ. ಅವರ ಮೇಲೆ ಬಿದ್ದವರು ಯಾರು? ಅದೇ ಚರ್ಚಿನ ವನ್ನಿಯ ಕ್ಯಾಥೊಲಿಕರು. ಗಲಭೆ, ಗೋಲಿಬಾರು, ಎರಡು ಹೆಣ. ತಿರುಚಿಯಲ್ಲಿ ಸ್ಮಶಾನದ ನಡುವೆ ಗೋಡೆ. ಸತ್ತ ಮೇಲೂ ದಲಿತನ ಮೂಳೆ ಬೇರೆ ಕಡೆ. 2016ರಲ್ಲಿ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ ತನ್ನ ನೀತಿಯ ಪುಸ್ತಕದಲ್ಲಿ ಒಪ್ಪಿಕೊಂಡಿತು: ನಮ್ಮೊಳಗೆ ಅಸ್ಪೃಶ್ಯತೆ ಇದೆ, ಸದಸ್ಯರಲ್ಲಿ ಬಹುಪಾಲು ದಲಿತರು, ನಾಯಕತ್ವದಲ್ಲಿ ಅವರು ಬೆರಳೆಣಿಕೆ. ಭಾರತಕ್ಕೆ ಮೊದಲ ಕಾರ್ಡಿನಲ್ ಬಂದದ್ದು 1953ರಲ್ಲಿ. ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂಟನಿ ಪೂಲ, ಬಂದದ್ದು 2022ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ಅದು ತಮಿಳುನಾಡಿನ ಕಥೆ, ರೋಮಿನ ಕಥೆ ಅನ್ನಬೇಡಿ. ನಮ್ಮ ದಕ್ಷಿಣ ಬೆಂಗಳೂರಿಗೇ ಬನ್ನಿ. ಇಲ್ಲಿನ ಒಂದು ದೊಡ್ಡ ಚರ್ಚಿನ ಸುಗ್ಗಿ ಹಬ್ಬಕ್ಕೆ ಎರಡು ವರ್ಷದ ಹಿಂದೆ ನಾನು ಹೋಗಿದ್ದೆ. ಬಡಾವಣೆಯ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸರು ಆರೇಳು ಮಂದಿ ಬೆಳಿಗ್ಗೆಯೇ ಬಂದು ಆವರಣ ಗುಡಿಸಿ ಹೋಗಿದ್ದರು. ಅವರಲ್ಲಿ ನಾಲ್ವರು ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು, ಬೆಳಗಿನ ಜಾವದ ಆರಾಧನೆಗೆ ಬಂದು ಹೋಗುವವರು. ಮಧ್ಯಾಹ್ನ ಶಾಮಿಯಾನದಡಿ ಮೇಜು, ಬಾಳೆಲೆ, ಬಿರಿಯಾನಿ. ಈ ಹೆಂಗಸರಿಗೆ ಹಿಂದುಗಡೆ, ಕಸದ ಗಾಡಿ ನಿಲ್ಲಿಸಿದ ಕಡೆ, ಎಲ್ಲರದು ಆದ ಮೇಲೆ ಪೇಪರ್ ತಟ್ಟೆ. 'ಯಾಕಕ್ಕ ಇಲ್ಲಿ ಕೂತಿದ್ದೀರಿ' ಅಂದೆ. 'ಅಯ್ಯೋ, ಅಲ್ಲೆಲ್ಲ ದೊಡ್ಡೋರು ಕೂತವ್ರೆ ಕಣಪ್ಪ, ನಮ್ಮ ಬಟ್ಟೆ ನೋಡು' ಅಂದಳು ಒಬ್ಬಾಕೆ. ಯಾರೂ ಅವರನ್ನು ಅಲ್ಲಿ ಕೂರಿ ಅಂತ ಗದರಿಸಿರಲಿಲ್ಲ. ಗದರಿಸುವ ಅಗತ್ಯವೇ ಬಿದ್ದಿರಲಿಲ್ಲ! ಬೆಳಿಗ್ಗೆ ಅದೇ ಹೆಂಗಸರು ಶಾಮಿಯಾನದಡಿಯವರ ಜೊತೆಯಲ್ಲೇ ಕರ್ತನ ಭೋಜನದ ರೊಟ್ಟಿ ಮುರಿದು ತಿಂದಿದ್ದರೇ ಅಂತ ಕೇಳಿದೆ. ಇಲ್ಲವಂತೆ. ಅವರ ಆರಾಧನೆ ಬೇರೆ ಹೊತ್ತು, ದೊಡ್ಡವರ ಇಂಗ್ಲಿಷ್ ಆರಾಧನೆ ಬೇರೆ ಹೊತ್ತು. ಗಡಿಯಾರವೇ ಅಗ್ರಹಾರದ ಬೇಲಿ.

ಇನ್ನೊಂದು ನೆನಪು. 2000ದ ಮಾರ್ಚ್ 11, ಶನಿವಾರ. ನಮ್ಮ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಮಾರನೆಯ ದಿನ ಭಾನುವಾರ. ನನಗೆ ಹನ್ನೆರಡು ವರ್ಷ. ನಮ್ಮೂರ ಚರ್ಚಿನಲ್ಲಿ ಮಳೆಗಾಗಿ ಪ್ರಾರ್ಥನೆ ಆಯಿತು, ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆಗಾಗಿ ಆಯಿತು, ಅಯ್ಯನವರ ಮಗಳ ನಿಶ್ಚಿತಾರ್ಥಕ್ಕೆ ಸ್ತೋತ್ರವಾಯಿತು. ಕಂಬಾಲಪಲ್ಲಿಯ ಹೆಸರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಮ್ಮವ್ವ ಮಾತ್ರ ಮನೆಗೆ ಬಂದು ಒಲೆ ಹಚ್ಚಲು ಕೂತವಳು, ಬೆಂಕಿಕಡ್ಡಿ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಮಿಲಾಗ್ರಿಸ್ ಬಳಿಯ ಮಠಕ್ಕೂ ಬೇರೆ ಚರ್ಚುಗಳಿಗೂ ನುಗ್ಗಿ ಒಡೆದಾಗ ಕ್ರೈಸ್ತರು ಬೀದಿಗೆ ಬಂದರು. ಬರಬೇಕಾದದ್ದೇ. ದಲಿತ ಸಂಘಟನೆಯ ಹುಡುಗರಾಗಿ ನಾವೂ ಬಂದೆವು. ಗಾಜು ಒಡೆದಾಗ ಬೀದಿಗೆ ಬರುವವರು ಮನುಷ್ಯರನ್ನು ಸುಟ್ಟಾಗ ಎಲ್ಲಿದ್ದರು?

ಈ ಮಾತು ಎತ್ತಿದರೆ ಹಿರಿಯರು ಒಂದು ಉತ್ತರ ಕೊಡುತ್ತಾರೆ. 'ಕಾಲ ಸರಿಯಿಲ್ಲಪ್ಪ. ಹೊರಗೆ ಕಲ್ಲು ಬೀಳ್ತಾ ಇದೆ. ಈಗ ಒಳಗಿನ ಹುಳುಕು ತೆಗೆದರೆ ವೈರಿಗಳಿಗೆ ಆಯುಧ ಕೊಟ್ಟಂತೆ. ಸಮಾಧಾನದಿಂದ ಇರೋಣ.' ನನಗೆ ಇದಕ್ಕಿಂತ ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ. ಕಾಲ ಯಾವತ್ತು ಸರಿ ಇತ್ತು? ಮತ್ತೆ ಯಾರ ಸಮಾಧಾನ? ಜಯನಗರದ ಕಲ್ಲು ಕಟ್ಟಡದ ಚರ್ಚಿಗೆ ಗೇಟಿದೆ, ಸೆಕ್ಯೂರಿಟಿಯವನಿದ್ದಾನೆ, ಶಾಸಕರ ಫೋನ್ ನಂಬರಿದೆ. ಶೀಟಿನ ಮನೆಯಲ್ಲಿ ಹತ್ತು ಜನ ಕೂತು ಹಾಡುವ ಬಡವನಿಗೆ ಯಾರಿದ್ದಾರೆ?

ಒಡಕಿನ ಕಾಲದಲ್ಲಿ ನಂಬಿಕೆ ಅಂದರೇನು ಅಂತ ತಿಳಿಯಬೇಕಾದರೆ ಬೈಬಲ್ಲಿನಲ್ಲೇ ಒಂದು ಊಟದ ಜಗಳ ಇದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಅದನ್ನು ಹೇಳಿದ್ದಾನೆ. ಅಂತಿಯೋಕ್ಯ ಅನ್ನುವ ಊರಿನಲ್ಲಿ ಪೇತ್ರ, ಸುನ್ನತಿಯಿಲ್ಲದ ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯ ಮಡಿವಂತರು ಕೆಲವರು ಬಂದರು. ಅವರು ಬಂದದ್ದೇ ತಡ, ಪೇತ್ರ ಪಂಕ್ತಿ ಬಿಟ್ಟು ಎದ್ದ. ಅವನು ಎದ್ದದ್ದು ನೋಡಿ ಉಳಿದವರೂ ಎದ್ದರು. ಪೇತ್ರನಿಗೆ ನಂಬಿಕೆ ಇರಲಿಲ್ಲವೇ? ಇತ್ತು. ಯೇಸುವಿನ ಜೊತೆ ನಡೆದಾಡಿದವನು ಅವನು. ಅವನನ್ನು ಎಬ್ಬಿಸಿದ್ದು ತನ್ನವರು ಏನಂದುಕೊಂಡಾರು ಅನ್ನುವ ಭಯ. ಆಗ ಪೌಲ ಏನು ಮಾಡಿದ? ರೋಮಿನ ಸೈನ್ಯ ತಲೆಯ ಮೇಲಿದೆ, ಈಗ ಒಗ್ಗಟ್ಟು ಮುಖ್ಯ, ಆಮೇಲೆ ಕಮಿಟಿಯಲ್ಲಿ ಮಾತಾಡೋಣ ಅಂದನೇ? ಎಲ್ಲರ ಮುಂದೆ ಮುಖಕ್ಕೇ ನಿಂತು ಬೈದ. ಸಭೆ ಒಡೆದು ಹೋದೀತು ಅಂತ ಹೆದರಲಿಲ್ಲ. ಪಂಕ್ತಿ ಒಡೆದ ದಿನವೇ ಸಭೆ ಒಡೆದಿದೆ ಅಂತ ಅವನಿಗೆ ಗೊತ್ತಿತ್ತು.

ನಮ್ಮ ದೇಶದಲ್ಲಿ ಪಂಕ್ತಿಭೇದ ಅನ್ನುವ ಶಬ್ದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈ ಅಧ್ಯಾಯದ ಮೇಲೆ ನಮ್ಮ ಕೇರಿಯವರಿಗಾಗಿ ಒಂದು ಪ್ರಸಂಗ ನಾನು ಕೇಳಿಲ್ಲ. ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಬಾವಿಯ ಕಟ್ಟೆಯಲ್ಲಿ ನೀರು ಕೇಳಿದ. ಯೆಹೂದ್ಯ ಮುಟ್ಟ ಬಾರದವಳ ಕೈಯ ನೀರು. ಆ ಕಥೆಯನ್ನು ಪಾಪದ ಹೆಂಗಸಿನ ಕಥೆ ಮಾಡಿ ಹೇಳುತ್ತಾರೆ, ನೀರಿನ ಮಾತು ಬಿಟ್ಟುಬಿಡುತ್ತಾರೆ. 1927ರ ಮಾರ್ಚ್ 20ರಂದು ಮಹಾಡದ ಕೆರೆಯಲ್ಲಿ ನೀರು ಕುಡಿದ ಬಾಬಾಸಾಹೇಬರನ್ನು ಆ ಬಾವಿಯ ಪಕ್ಕ ನಿಲ್ಲಿಸಿ ಪ್ರಸಂಗ ಮಾಡಿ ನೋಡೋಣ! ಹೊಸ ಮಾತೇನೂ ಅಲ್ಲ ಇದು. 1981ರಲ್ಲಿ ಇದೇ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಎದ್ದು ನಿಂತು, ಭಾರತದ ಕ್ರೈಸ್ತ ದೈವಶಾಸ್ತ್ರ ಬ್ರಾಹ್ಮಣರ ಮೆದುಳಿನಿಂದ ಬಂದಿದೆ, ಚರ್ಚಿನಲ್ಲಿ ತುಂಬಿರುವ ದಲಿತರ ಮೈಮೇಲಿನ ಗಾಯದಿಂದ ಬಂದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಅಲ್ಲಿಂದ ದಲಿತ ದೈವಶಾಸ್ತ್ರ ಬೆಳೆಯಿತು, ಪುಸ್ತಕಗಳು ಬಂದವು, ಡಾಕ್ಟರೇಟುಗಳು ಬಂದವು. ಮಿಲ್ಲರ್ಸ್ ರಸ್ತೆಯಿಂದ ರಾಗಿಗುಡ್ಡದ ಕೊಳೆಗೇರಿಗೆ ಬರಲು ಆ ಪುಸ್ತಕಗಳಿಗೆ ಇನ್ನೂ ಬಸ್ಸು ಸಿಕ್ಕಿಲ್ಲ.

ಕಾಲೇಜುಗಳ ಮಾತೂ ಆಡಿಬಿಡೋಣ. 2005ರ 93ನೇ ತಿದ್ದುಪಡಿಯಲ್ಲಿ ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಲು ದಾರಿ ಮಾಡಿದರು, ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟರು. ಕಾನೂನು ನಿಮ್ಮನ್ನು ಬಲವಂತ ಮಾಡುವುದಿಲ್ಲ, ಸರಿ. ಯೇಸು ಮಾಡುವುದಿಲ್ಲವೇ? ಸರ್ಕಾರ ದಲಿತ ಕ್ರೈಸ್ತನಿಗೆ 'ನೀನು ಕ್ರೈಸ್ತ, ಆಚೆ ಹೋಗು' ಅನ್ನುತ್ತದೆ. ಕ್ರೈಸ್ತ ಕಾಲೇಜಿನ ಕೌಂಟರಿನಲ್ಲಿ ಫೀಸಿನ ಚೀಟಿ ಕೊಟ್ಟು ಅದನ್ನೇ ಮೆತ್ತಗೆ ಹೇಳುತ್ತಾರೆ.

ಈಗ ನಮ್ಮ ಹುಡುಗರ ಸರದಿ. ಬೀಗ ಒಡೆದವರೇ, ಕೇಳಿ.

ನೀವು ನನಗೆ ಬಾಬಾಸಾಹೇಬರ ಮಾತು ಎತ್ತಿ ಹೇಳಿದಿರಿ. ಅವರು ಕ್ರೈಸ್ತರನ್ನು ಟೀಕಿಸಿದ್ದು ನಿಜ. ಮತಾಂತರವಾದ ಮೇಲೂ ಅಸ್ಪೃಶ್ಯ ಅಸ್ಪೃಶ್ಯನಾಗಿಯೇ ಉಳಿದ, ಓದಿದ ಕ್ರೈಸ್ತರು ತಮ್ಮ ಬಡ ಬಂಧುಗಳ ಪರವಾಗಿ ದನಿ ಎತ್ತಲಿಲ್ಲ ಅಂತ ಬರೆದರು. ಅವರು ಕೈ ತೋರಿಸಿದ್ದು ದನಿ ಎತ್ತದ ದೊಡ್ಡವರ ಕಡೆಗೆ. ನೀವು ಹೊಡೆಯಲು ಹೋದದ್ದು ಯಾರನ್ನು? ಟವೆಲಿನಲ್ಲಿ ಬೈಬಲ್ಲು ಸುತ್ತಿಟ್ಟ ಮಾದಿಗರ ಹುಡುಗನನ್ನು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಮಾಡಿದವರು ನಿಮ್ಮ ಅಣ್ಣಂದಿರ ಟ್ರಂಕು ತೆರೆದು ಯಾವ ದೇವರಿದ್ದಾನೆ ಅಂತ ನೋಡಿ ಹೊಡೆದರೇ? ಒಳಮೀಸಲಾತಿಗಾಗಿ ಎಡ-ಬಲ ಅಂತ ಮೂವತ್ತು ವರ್ಷ ಬಡಿದಾಡಿದೆವು. 2025ರಲ್ಲಿ ಹಂಚಿಕೆಯಾಯಿತು, ಗಾಯ ಇನ್ನೂ ಹಸಿ ಇದೆ. ಈಗ ಹಾಸ್ಟೆಲಿನ ಒಂದೇ ರೂಮಿನಲ್ಲಿ ಇನ್ನೊಂದು ಗೆರೆ ಎಳೆಯುತ್ತೀರಾ? ಅದೇ 2025ರಲ್ಲಿ ರಾಜ್ಯದ ಸಮೀಕ್ಷೆಯ ಪಟ್ಟಿಯಲ್ಲಿ ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್, ಮಾದಿಗ ಕ್ರಿಶ್ಚಿಯನ್ ಅಂತೆಲ್ಲ ಹೆಸರು ಕಂಡಾಗ ಗಲಾಟೆ ಎದ್ದು, ಆಯೋಗ ಅಂಥ ಹಲವು ಹೆಸರುಗಳನ್ನು ಪಟ್ಟಿಯಿಂದ ಮರೆಮಾಡಿತು. ಗಲಾಟೆ ಮಾಡಿದವರಿಗೆ ಕ್ರೈಸ್ತರ ಜಾತಿಯ ಬಗ್ಗೆ ಚಿಂತೆ ಇರಲಿಲ್ಲ. ಜಾತಿ ತಮ್ಮ ಮನೆಯ ಸೊತ್ತು, ಹೊರಗೆ ಹೋಗಬಾರದು ಅನ್ನುವುದು ಅವರ ಹಟ. ನಿಮ್ಮ ವಾಟ್ಸಾಪ್ ಫೋಟೋ ಅವರ ಕೈಗೆ ಕೊಟ್ಟ ಕೂಲಿಯಿಲ್ಲದ ಕೆಲಸ.

ಒಬ್ಬ ಕೇಳಿದ, 'ಅಣ್ಣ, ಅವನು ಬೌದ್ಧ ಆಗಲಿ, ಸೀಟೂ ಉಳಿಯುತ್ತೆ, ಮಾನವೂ ಉಳಿಯುತ್ತೆ.' ಒಳ್ಳೆಯ ಮಾತು. ಹುಡುಗ ಬುದ್ಧನನ್ನು ಓದಿ ಬುದ್ಧನ ಹತ್ತಿರ ಹೋದರೆ ನಾನೇ ಬಸ್ ಚಾರ್ಜು ಕೊಡುತ್ತೇನೆ. ಸೀಟು ಉಳಿಸಿಕೊಳ್ಳಲು ಬುದ್ಧನ ಹತ್ತಿರ ಕಳಿಸಿದರೆ ಬುದ್ಧನಿಗೂ ಅವಮಾನ.

ಆ ಹುಡುಗ ರಾತ್ರಿಯೆಲ್ಲ ಒಂದೇ ಪ್ರಶ್ನೆ ಕೇಳಿದ. 'ಅಣ್ಣ, ಸುಳ್ಳು ಹೇಳಬಾರದು ಅಂತ ನಮ್ಮ ಪಾಸ್ಟರು ಹೇಳ್ತಾರೆ. ನಾಳೆ ಹೋಗಿ ಸರ್ಟಿಫಿಕೇಟ್ ವಾಪಸ್ ಕೊಟ್ಟುಬಿಡ್ಲಾ?' ಪಾಸ್ಟರಿಗೆ ಹಾಸ್ಟೆಲ್ ಫೀಸು ಗೊತ್ತಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಕೊಡಬೇಡ ಅಂದೆ. ಕೊಡಬೇಡ ಅಂದವನಿಗೆ ಧೈರ್ಯದ ಮಾತು ಆಡುವ ಹಕ್ಕು ಎಷ್ಟಿದೆ ಅಂತ ಬಸ್ಸಿನಲ್ಲಿ ಬರುತ್ತಾ ನನ್ನನ್ನೇ ಕೇಳಿಕೊಂಡೆ. ಸುಳ್ಳಿನ ಭಾರವೆಲ್ಲ ಹತ್ತೊಂಬತ್ತು ವರ್ಷದ ಹುಡುಗನ ತಲೆಯ ಮೇಲೆ ಹೊರಿಸಿ, 1950ರ ಆದೇಶ ಬರೆದವರೂ ಸುಖವಾಗಿದ್ದಾರೆ, ಶಾಮಿಯಾನದಡಿ ಉಂಡವರೂ ಸುಖವಾಗಿದ್ದಾರೆ.

ಫೋಟೋ ಅಳಿಸಿದರು. ಬೀಗ ಒಡೆದವರೇ ದುಡ್ಡು ಹಾಕಿ ಹೊಸ ಬೀಗ ತಂದರು. ಒಬ್ಬ ಮಾತ್ರ ಮಾತು ಬಿಟ್ಟಿದ್ದಾನೆ, ಬಿಡಲಿ.

ಆ ದೊಡ್ಡ ಚರ್ಚಿನ ಸುಗ್ಗಿ ಹಬ್ಬ ಮತ್ತೆ ಬಂದಿದೆ, ಬರುವ ಭಾನುವಾರ. ನಾನು ಹೋಗುತ್ತಿದ್ದೇನೆ. ಬೀಗ ಒಡೆದವರಲ್ಲಿ ಇಬ್ಬರು ಬರುತ್ತೇವೆ ಅಂದಿದ್ದಾರೆ. ಅವರಿಗೆ ಯೇಸುವಿನಲ್ಲಿ ನಂಬಿಕೆ ಇಲ್ಲ. ಹಿಂದುಗಡೆ ಕಸದ ಗಾಡಿಯ ಹತ್ತಿರ ಆ ಅಕ್ಕಂದಿರ ಜೊತೆ ಕೂರುತ್ತೇವೆ. ಶಾಮಿಯಾನದಡಿಗೆ ಬನ್ನಿ ಅಂತ ಯಾರಾದರೂ ಕರೆದರೆ, ಇವರು ಮುಂದೆ ನಡೆದರೆ ಹಿಂದೆ ಬರುತ್ತೇವೆ ಅನ್ನುತ್ತೇವೆ. ಹುಡುಗನಿಗೆ ಬರಬೇಡ ಅಂದಿದ್ದೇನೆ. ಅವನಿಗೆ ಪರೀಕ್ಷೆ ಇದೆ, ಅಲ್ಲಿ ಮತ್ತೆ ಯಾರ ಕೈಯಲ್ಲಿ ಮೊಬೈಲಿರುತ್ತದೋ. ಬರುವವರು ಹನ್ನೊಂದು ಗಂಟೆಗೆ ರಾಗಿಗುಡ್ಡ ಮೆಟ್ರೊ ನಿಲ್ದಾಣದ ಕೆಳಗೆ ಸೇರಿ.